ತವರಿನ ಕಂಬಕ್ಕೆ ಮುಯ್ಯಿ

ತಮ್ಮನ ಫೋನು ಬಂದಾಗ ನಾನು ಶ್ರೀರಂಗಪಟ್ಟಣದ ಬಸ್‌ಸ್ಟ್ಯಾಂಡಿನ ಎದುರು ಸೊಪ್ಪಿನವಳೊಡನೆ ಚೌಕಾಸಿ ಮಾಡುತ್ತಾ ನಿಂತಿದ್ದೆ.

"ಅಕ್ಕ, ಕಂಬ ಎತ್ತುಸ್ತಾ ಇದ್ದೀವಿ ಕಣಕ್ಕ! ಕಮಿಟಿ ಆಯ್ತು, ನಾನೇ ಅಧ್ಯಕ್ಷ!" ಎಂದು ಅವನು ಕಿರುಚಿದ್ದು ಸೊಪ್ಪಿನವಳಿಗೂ ಕೇಳಿಸಿತು.

"ಯಾವ ಕಂಬ ಕಣವ್ವ, ಕರೆಂಟ್ ಕಂಬನಾ?" ಎಂದಳು ಅವಳು. ಅಲ್ಲ ಎಂದೆ. ಎರಡು ಕಟ್ಟು ಸಬ್ಬಸಿಗೆ ಸೊಪ್ಪನ್ನು ಅವಳು ಕೇಳಿದ ಬೆಲೆಗೇ ಕೊಂಡು ಮನೆಗೆ ಓಡಿದೆ. ಇಪ್ಪತ್ತೆಂಟು ವರ್ಷದಿಂದ ಹೈಸ್ಕೂಲು ಮಕ್ಕಳಿಗೆ ಪಾಠ ಹೇಳುತ್ತಿರುವ ಹೆಂಗಸು ಹಾಗೆ ಬೀದಿಯಲ್ಲಿ ಓಡಬಾರದು. ಆದರೂ ಓಡಿದೆ.

ಅದು ದೀಪದ ಕಂಬ. ದೇವಲಾಪುರ ಹೋಬಳಿಯ ನಮ್ಮೂರಿನ ಬೆನ್ನಿಗೆ ಒಂದು ಬೋಳು ಗುಡ್ಡವಿದೆ. ಅದರ ನೆತ್ತಿಯಲ್ಲಿ ಕಲ್ಲಿನ ಮೇಲೆ ಕಲ್ಲು ಕೂರಿಸಿ ಐದಾಳೆತ್ತರಕ್ಕೆ ಒಂದು ಕಂಬ ನಿಲ್ಲಿಸಿ, ತುದಿಗೆ ಕಲ್ಲಿನ ದೊಡ್ಡ ಬಟ್ಟಲು ಇಟ್ಟಿದ್ದರು. ಮೇಲುಕೋಟೆಗೆ ನಡೆದು ಹೋಗುವವರು, ಎತ್ತಿನ ಮೇಲೆ ಹೇರು ಹಾಕಿಕೊಂಡು ಸಂತೆಗೆ ಹೋಗುವವರು ಕತ್ತಲಲ್ಲಿ ದಾರಿ ತಪ್ಪದಿರಲಿ ಎಂದು ಯಾರೋ ಪಾಳೆಯಗಾರ ಮಾಡಿಸಿದ್ದಂತೆ. ಸಮುದ್ರದ ಕಡೆಯವರಿಗೆ ಹಡಗಿಗೆ ದಾರಿ ತೋರುವ ದೀಪಸ್ತಂಭವಿರುತ್ತದಲ್ಲ, ಕೆರೆಯಲ್ಲೂ ನೀರು ನಿಲ್ಲದ ನಮ್ಮ ಸೀಮೆಗೆ ಇದೇ ಅದು.

ನಾನು ಹುಟ್ಟುವ ಹೊತ್ತಿಗೆ ದಾರಿಗೆಲ್ಲ ಟಾರು ಬಿದ್ದು, ದೀಪ ವರ್ಷಕ್ಕೊಂದೇ ದಿನಕ್ಕೆ ಇಳಿದಿತ್ತು. ಕಡೆ ಕಾರ್ತಿಕ ಸೋಮವಾರ, ಮನೆಮನೆಯಿಂದ ಹೊಂಗೆ ಎಣ್ಣೆ ತಂದು ಸುರಿದು, ಹಳೆ ಪಂಚೆಗಳನ್ನು ಹುರಿಮಾಡಿ ಬತ್ತಿ ಇಟ್ಟು ಹೊತ್ತಿಸುತ್ತಿದ್ದರು. ನಾನು ಹೈಸ್ಕೂಲಿಗೆ ಹೋಗುತ್ತಿದ್ದಾಗ ಬಟ್ಟಲಿಗೆ ಸಿಡಿಲು ಬಡಿಯಿತು. ಆಮೇಲೆ ಯಾರೋ ಮನೆಹಾಳರು ನಿಧಿಯಾಸೆಗೆ ಕಂಬದ ಬುಡ ಅಗೆದರು. ನಿಧಿ ಸಿಕ್ಕಲಿಲ್ಲ, ಮೇಲಿನ ಮೂರು ಕಲ್ಲು ಮಾತ್ರ ಉರುಳಿ ಬಿದ್ದವು. ಅಲ್ಲಿಗೆ ದೀಪ ನಿಂತೇಹೋಯಿತು.

ಗಂಡಸರಿಗೆ ಅದು ಊರಿನ ಹೆಮ್ಮೆ ಅಷ್ಟೆ. ಹೆಣ್ಣುಮಕ್ಕಳಿಗೆ ಅದರ ಲೆಕ್ಕವೇ ಬೇರೆ. ಕಂಬದ ದೀಪ ಕಾಣುವ ಊರಿಗೇ ಹೆಣ್ಣು ಕೊಡಬೇಕೆಂದು ನಮ್ಮ ತಾತನ ಕಾಲದವರು ನೋಡಿ ನೋಡಿ ಕೊಡುತ್ತಿದ್ದರು. ಆ ಸೋಮವಾರ ಸಂಜೆ ಸುತ್ತಲ ಊರುಗಳಲ್ಲಿ ನಮ್ಮ ಹೆಣ್ಣುಮಕ್ಕಳು ಗಂಡನ ಮನೆಯ ಹಟ್ಟಿಯಲ್ಲಿ ನಿಂತು ಗುಡ್ಡದ ಕಡೆ ನೋಡುತ್ತಿದ್ದರು. ನನ್ನ ಸೋದರತ್ತೆ, ಎಂದರೆ ಅಪ್ಪನ ತಂಗಿಯನ್ನು, ಪಡುವಲಲ್ಲಿ ಎರಡು ಗಂಟೆ ನಡಿಗೆಯ ಒಂದು ಊರಿಗೆ ಕೊಟ್ಟಿದ್ದಾರೆ. "ದೀಪ ಕಂಡ್ರೆ ತವರು ಚೆನ್ನಾಗದೆ ಅಂತ ಲೆಕ್ಕ. ಈಗ ಫೋನ್ ಬಂದದೆ. ಫೋನಲ್ಲಿ ಸಾಯೋ ಗಳಿಗೇಲೂ ಚೆನ್ನಾಗಿದ್ದೀವಿ ಅಂತಾರೆ. ನಂಬೋದೆಂಗೆ?" ಎನ್ನುತ್ತಿದ್ದಳು ಅತ್ತೆ.

ಆ ಕಟ್ಟಳೆ ಮುರಿದವಳು ನಾನು. ಶ್ರೀರಂಗಪಟ್ಟಣಕ್ಕೆ ಕೊಟ್ಟರು. ಮದುವೆಯಾದ ಹೊಸದರಲ್ಲಿ ಕರಿಘಟ್ಟ ಹತ್ತಿ, ತವರಿನ ಗುಡ್ಡವಾದರೂ ಕಾಣುತ್ತದೇನೋ ಎಂದು ಉತ್ತರಕ್ಕೆ ಕಣ್ಣು ಕಿರಿದು ಮಾಡಿ ನೋಡಿದೆ. ಕಂಡದ್ದು ಕಬ್ಬಿನ ಗದ್ದೆ. ಜೊತೆಗಿದ್ದ ನನ್ನವರು ಏನು ಹುಡುಕುತ್ತೀಯ ಎಂದರು. ಏನೂ ಇಲ್ಲ ಎಂದೆ.

ಹಾಗಾಗಿ ತಮ್ಮನ ಫೋನು ಬಂದ ಮುಂದಿನ ಭಾನುವಾರವೇ ನಾನು ಊರಿನಲ್ಲಿದ್ದೆ. ಪಾಂಡವಪುರದ ಕಡೆಯಿಂದ ಒಬ್ಬ ಕಲ್ಲುಕೆಲಸದ ಮೇಸ್ತ್ರಿ ಬಂದಿದ್ದ. ಗುಡ್ಡ ಹತ್ತಿ, ಬಿದ್ದ ಕಲ್ಲುಗಳನ್ನು ಹಸುವಿನ ಬೆನ್ನು ತಟ್ಟಿದ ಹಾಗೆ ತಟ್ಟಿ ನೋಡಿ, "ಕಲ್ಗೇನೂ ಆಗಿಲ್ಲ. ಬುಡ ಅಗ್ದೋರ ಕೈ ಸೇದೋಗ. ಬೆಲ್ಲ ಸುಣ್ಣ ಅರ್ದು ಗಾರೇಲೇ ಬುಡ ಕಟ್ಟವ, ಸಿಮೆಂಟ್ ಮುಟ್ಟುಸ್ಬ್ಯಾಡಿ. ಬಟ್ಲು ಮಾತ್ರ ಒಸದು ಕೆತ್ಬೇಕು" ಎಂದ. ಗುಡ್ಡಕ್ಕೆ ಕ್ರೇನು ಹತ್ತುವುದಿಲ್ಲ, ಚೈನ್ ಪುಲ್ಲಿ ಕಟ್ಟಿ ಎತ್ತಬೇಕು. ಅವನು ಕೂಲಿ ಹೇಳಿದ ಮೇಲೆ ಕಮಿಟಿಯವರೆಲ್ಲ ಸ್ವಲ್ಪ ಹೊತ್ತು ಆಕಾಶ ನೋಡಿದರು.

ಮನೆಗಿಷ್ಟು ಎಂದು ವಂತಿಗೆ ಎತ್ತಿದರು. ಕೆಲವರು ರಾಗಿ ಕೊಟ್ಟರು, ಕೆಲವರು ಡೇರಿಯ ಒಂದು ಬಟವಾಡೆಯನ್ನೇ ಕೊಟ್ಟರು. ಆದರೂ ಅರ್ಧಕ್ಕೆ ನಿಂತಿತು. ಜಗುಲಿಯಲ್ಲಿ ಕೂತು ತಲೆ ಕೆರೆದುಕೊಳ್ಳುತ್ತಿದ್ದ ತಮ್ಮನಿಗೆ ನಾನು ಹೇಳಿದೆ: "ಇಷ್ಟೊಂದು ಜನ ಹೆಣ್ಣುಮಕ್ಕಳಿದ್ದೀವಲ್ಲ, ನಮ್ಮನ್ನು ಯಾಕೆ ಕೇಳಲ್ಲ?"

ಅವನು ಹಾವು ತುಳಿದವನ ಹಾಗೆ ನೋಡಿದ. "ಕೊಟ್ಟ ಎಣ್ಣು ಕುಲಕ್ಕೊರಗು ಕಣಕ್ಕ. ನಿಮ್ತಾವ ಇಸ್ಕಂಡ್ರೆ ಊರ ಮಾನ ಏನಾದದು? ಎಣ್ಮಕ್ಳಿಗೆ ಕೊಡ್ಬೇಕು, ಇಸ್ಕಬಾರ್ದು."

ನನಗೆ ಮೈ ಉರಿದುಹೋಯಿತು. ಅವನ ಎದೆಯಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಅದೇ ಇನ್ನೂ ಉರಿಸಿತು. ಮರ್ಯಾದೆ ಕೊಡುತ್ತಲೇ ಹೊಸ್ತಿಲ ಆಚೆ ನಿಲ್ಲಿಸುವುದು ನಮ್ಮ ಕಡೆಯವರಿಗೆ ಚೆನ್ನಾಗಿ ಗೊತ್ತು. ಸಂಜೆ ಅತ್ತೆಗೆ ಫೋನು ಮಾಡಿ ಎಲ್ಲ ಹೇಳಿದೆ. ಅತ್ತೆ, "ಆಲಿನ ದುಡ್ಡು ಒಸಿ ಮಡ್ಗಿವ್ನಿ ಕಣೆ. ಕಂಬ ಎತ್ತುಸ್ತಾರೆ ಅಂದ ದಿನದಿಂದ ಅದ್ಕೇ ಅಂತ್ಲೇ ಮಡ್ಗಿವ್ನಿ. ನನ್ ತವರಿಗೆ ನಾನೊಂದು ಕಲ್ಲಿಡ್ಬಾರ್ದಾ? ಎಂಗಾರಾ ಮಾಡಿ ಇಸ್ಕಳಂಗೆ ಮಾಡೆ" ಎಂದಳು. ಎಪ್ಪತ್ತು ದಾಟಿದ ಹೆಂಗಸು ಚಿಕ್ಕ ಹುಡುಗಿಯ ಹಾಗೆ ಕೇಳುತ್ತಿದ್ದಳು. ಇದನ್ನು ಮಾಡಿಯೇ ತೀರಬೇಕೆಂದು ನಾನು ಅಲ್ಲೇ ಹಟ ಹಿಡಿದೆ.

ಹೆಣ್ಣುಮಕ್ಕಳ ವಾಟ್ಸಾಪ್ ಗುಂಪು ಮಾಡಿದೆ. ಒಬ್ಬಳಿಂದ ಇನ್ನೊಬ್ಬಳ ನಂಬರು ಸಿಕ್ಕಿ ವಾರದೊಳಗೆ ಅರವತ್ತು ಜನ ಸೇರಿದರು. ನಾಗಮಂಗಲದಲ್ಲಿ ಟೈಲರಿಂಗ್ ಮಾಡುವವಳು, ಕೆ.ಆರ್. ಪೇಟೆಯ ಆಸ್ಪತ್ರೆಯಲ್ಲಿ ನರ್ಸಾಗಿರುವವಳು, ಸುತ್ತಲ ಊರುಗಳಲ್ಲಿ ಹಸು ಕಟ್ಟಿಕೊಂಡವರು. ಎಲ್ಲರೂ ಕೊಡುವವರೇ! ದಿನಾ ಬೆಳಗ್ಗೆ ಗುಂಪಿನಲ್ಲಿ ಕಂಬದ ಹಳೆಯ ಫೋಟೋ ಬಂದು ಬೀಳುತ್ತಿತ್ತು. ನಾನು ಸ್ಟಾಫ್‌ರೂಮಿನಲ್ಲಿ ಕೂತು ಒಬ್ಬಳೇ ನಗುತ್ತಿದ್ದೆ.

ಆಗ ಮಾಡಿದ ತಪ್ಪು ನನ್ನದೇ. ಎಲ್ಲ ಹೆಣ್ಣುಮಕ್ಕಳೂ ತವರಿಗೆ ಬರುವ ದಿನ ಯಾವುದು? ಗೌರಿ ಹಬ್ಬ. ಅಂದೇ ಎಲ್ಲರೂ ಕೈಯಾರೆ ಕೊಟ್ಟುಬಿಡೋಣ, ಅಷ್ಟು ಜನರ ಮುಂದೆ ತಮ್ಮ ಹೇಗೆ ಬೇಡವೆನ್ನುತ್ತಾನೆ ಎಂದು ನನ್ನ ಲೆಕ್ಕ. ಮೇಷ್ಟ್ರಮ್ಮನ ಬುದ್ಧಿ ಎಂದು ನನ್ನನ್ನು ನಾನೇ ಮೆಚ್ಚಿಕೊಂಡಿದ್ದೆ.

ತಮ್ಮ ಬೇಡವೆನ್ನಲಿಲ್ಲ. ಹೆಂಗಸರೆಲ್ಲ ಊರ ಮುಂದಿನ ಅರಳಿಕಟ್ಟೆಗೆ ಬಂದು ಹರಿವಾಣದಲ್ಲಿ ಹಾಕಿದ್ದನ್ನು ತಲೆ ತಗ್ಗಿಸಿ ಇಸಿದುಕೊಂಡ. ಆದರೆ ಗೌರಿ ಹಬ್ಬದ ದಿನ ಹೆಣ್ಣುಮಗಳ ಕೈಯಿಂದ ಇಸಿದುಕೊಂಡು ಬರಿಗೈಯಲ್ಲಿ ಕಳಿಸುವ ಗಂಡಸು ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ನಮ್ಮ ಸುಳಿವು ಸಿಕ್ಕ ಕಮಿಟಿಯವರು ಹಿಂದಿನ ದಿನವೇ ನಾಗಮಂಗಲಕ್ಕೆ ಟೆಂಪೋ ಕಳಿಸಿದ್ದರು. ಒಬ್ಬೊಬ್ಬಳಿಗೂ ಒಂದು ಸೀರೆ, ರವಿಕೆ ಕಣ, ಬಳೆ, ತೆಂಗಿನಕಾಯಿ, ಮಡಿಲಿಗೆ ಅಕ್ಕಿ ಬೆಲ್ಲ. ಜೊತೆಗೆ ಒಬ್ಬಟ್ಟಿನ ಊಟ! ಸೀರೆಯೂ ಸುಮಾರಿನದಲ್ಲ. "ಊರಿನ ಎಣ್ಮಕ್ಳು ಉಡೋದು, ಕಳಪೆ ತಂದ್ಬುಟ್ರೆ ನಾಕು ಜನ ಆಡ್ಕಳಾಕಿಲ್ವಾ?" ಎಂದು ಕಮಿಟಿಯವರು ಪೈಪೋಟಿಯ ಮೇಲೆ ಆರಿಸಿ ತಂದಿದ್ದರು.

ಹಬ್ಬದ ಮಾರನೆಯ ದಿನ ನೋಡಿದರೆ ಹೆಣ್ಣುಮಕ್ಕಳು ಕೊಟ್ಟದ್ದಷ್ಟೂ ಹೋಗಿ, ಊರಿನವರ ವಂತಿಗೆಯಲ್ಲೂ ಒಂದು ಪಾಲು ಕರಗಿತ್ತು. ದುಡ್ಡು ಎತ್ತಲು ಹೋಗಿ ಇದ್ದದ್ದನ್ನೂ ಕಳೆದುಕೊಂಡ ಊರು ನಮ್ಮದೊಂದೇ ಇರಬೇಕು. ನನಗೆ ನಗುವುದೋ ಅಳುವುದೋ ತಿಳಿಯಲಿಲ್ಲ. ತಮ್ಮನ ಮುಖ ನೋಡಿದರೆ ಅವನಿಗೂ ತಿಳಿಯುತ್ತಿರಲಿಲ್ಲ. ಇಬ್ಬರೂ ಜಗುಲಿಯ ಮೇಲೆ ಕೂತು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ಅತ್ತೆ ನಗಲಿಲ್ಲ. ಮೂರನೆಯ ದಿನ ಬಸ್ಸಿಳಿದು ಬಂದವಳೇ ಸೀರೆಯ ಪ್ಯಾಕೆಟ್ಟನ್ನು ತಮ್ಮನ ಮುಂದೆ ಇಟ್ಟಳು.

"ಇದೇನ್ಲಾ ಇದು? ನಾನು ಕಂಬಕ್ಕೆ ಅಂತ ಕೊಟ್ರೆ ನೀನು ನಂಗೇ ಸೀರೆ ತಂದುಡ್ಸಿದ್ದೀಯ. ನನ್ ಕೈಯ್ಯಿಂದ ಕಂಬಕ್ಕೆ ಒಂದು ಕಲ್ಚೂರೂ ಓಗ್ನಿಲ್ಲ ಅಂದಂಗಾಯ್ತು!"

"ಅತ್ತೆ, ನೀನು ಮನೆ ಮಗ್ಳು. ನಿನ್ತಾವ ಇಸ್ಕಂಡು ಸುಮ್ಕಿರೋಕಾದದಾ?"

"ಸುಮ್ಕಿರ್ಬ್ಯಾಡ. ನಾನು ಕೇಳಿದ್ದಕ್ಕೆ ಜವಾಬು ಕೊಡು. ನಿನ್ ಮನೆ ಗೃಹಪ್ರವೇಶಕ್ಕೆ ನಾನು ಮುಯ್ಯಿ ಮಾಡ್ಲಿಲ್ವಾ? ಇಸ್ಕಂಡ್ಯೋ ಇಲ್ವೋ?"

"ಇಸ್ಕಂಡೆ. ಅದು ಮುಯ್ಯಿ ಕಣತ್ತೆ."

"ಕಂಬಕ್ಕೂ ಮುಯ್ಯಿ ಮಾಡ್ತೀನಿ."

ನನಗೆ ಎದ್ದು ಕುಣಿಯಬೇಕೆನಿಸಿತು. ಮದುವೆ, ಗೃಹಪ್ರವೇಶಗಳಲ್ಲಿ ನೆಂಟರಿಷ್ಟರು ಕೊಡುವ ಮುಯ್ಯಿಯನ್ನು ನಮ್ಮಲ್ಲಿ ಯಾರೂ ಬೇಡವೆನ್ನುವಂತಿಲ್ಲ. ಬೇಡವೆಂದರೆ ನೆಂಟಸ್ತಿಕೆಯೇ ಬೇಡವೆಂದ ಹಾಗೆ. ಅಲ್ಲೇ ತಿರುಗಿ ಕೊಡುವಂತೆಯೂ ಇಲ್ಲ. ಕೊಟ್ಟವರ ಮನೆಯಲ್ಲಿ ಒಂದು ಕಾರ್ಯವಾದಾಗ ಹೋಗಿ ತೀರಿಸಬೇಕು. ನಾನು ತಿಂಗಳುಗಟ್ಟಲೆ ಹೆಣಗಿ ಸೋತದ್ದನ್ನು ಅತ್ತೆ ನಾಲ್ಕು ಮಾತಿನಲ್ಲಿ ಗೆದ್ದಳು.

ತಮ್ಮ ಕಡೆಯದಾಗಿ ಒಂದು ಪಟ್ಟು ಹಾಕಿ ನೋಡಿದ. "ಮುಯ್ಯಿ ಅಂದ್ರೆ ತೀರುಸ್ಬೇಕಲ್ಲತ್ತೆ. ಕಂಬ ಎದ್ದೋಗಿ ಯಾರ ಮನೆ ಮದ್ವೇಲಿ ಮುಯ್ಯಿ ಮಾಡದು?"

"ನಮ್ಮಟ್ಟೀಲಿ ನಿಂತ್ರೆ ದೀಪ ಕಾಣ್ಬೇಕು. ಅದೇ ವಾಪಸ್ ಮುಯ್ಯಿ. ಕಾಣ್ನಿಲ್ಲ ಅಂದ್ರೆ ಊರು ನನ್ ಸಾಲ್ದಲ್ಲಿ ಅದೆ ಅಂತ್ಲೇ ಲೆಕ್ಕ, ನೋಡ್ಕೊ."

"ಕಾಣ್ತದೆ ಬುಡತ್ತೆ!" ಎಂದು ತಮ್ಮ ಎದೆ ತಟ್ಟಿಕೊಂಡ. ಅತ್ತೆ ತಲೆಯಾಡಿಸಿ, ಸೀರೆಯನ್ನು ಅಲ್ಲೇ ಬಿಟ್ಟು, ಕಾಫಿಯನ್ನೂ ಕುಡಿಯದೆ ಬಸ್ಸು ಹತ್ತಿದಳು.

ಕಂಬ ಎತ್ತಿದ ದಿನವನ್ನು ನಾನು ಸಾಯುವತನಕ ಮರೆಯುವುದಿಲ್ಲ. ದೀಪಾವಳಿ ಕಳೆದ ಮೊದಲ ಭಾನುವಾರ. ಗುಡ್ಡದ ಬುಡದಲ್ಲಿ ಶಾಮಿಯಾನ, ಮೈಕು, ಒಂದು ಮೇಜು, ಮೇಜಿನ ಮೇಲೆ ಮುಯ್ಯಿ ಬರೆಯುವ ನೋಟ್‌ಬುಕ್ಕು. ಹೆಣ್ಣುಮಕ್ಕಳು ಟೆಂಪೋ ಮಾಡಿಕೊಂಡು, ಸ್ಕೂಟರಿನಲ್ಲಿ, ಬಸ್ಸಿನಲ್ಲಿ ಬಂದರು. ಗುಂಪಿನಲ್ಲಿ ಇರದಿದ್ದವರೂ ಬಂದರು. ಮುಯ್ಯಿ ಎಂದ ಮೇಲೆ ದುಡ್ಡೊಂದೇ ಬರುತ್ತದೆಯೇ? ಗಾರೆಗೆಂದು ಪಾಂಡವಪುರದ ಆಲೆಮನೆಯ ಬೆಲ್ಲ ಬಂತು. ಹೊಂಗೆ ಎಣ್ಣೆಯ ಡಬ್ಬಗಳು ಬಂದವು. ಹನ್ನೊಂದು ಸ್ಟೀಲಿನ ಬಿಂದಿಗೆ, ಒಂದು ಕುಕ್ಕರು, ಎರಡು ಗೋಡೆ ಗಡಿಯಾರ!

"ಕಂಬಕ್ಕೆ ಗಡಿಯಾರ ಯಾಕವ್ವ?" ಎಂದು ತಮ್ಮ ಮೈಕಿನಲ್ಲೇ ಕೇಳಿದ.

"ನೀವು ದೀಪ ಅಚ್ಚೋದು ತಡ ಮಾಡ್ಬಾರ್ದಲ್ಲ, ಅದ್ಕೆ!" ಎಂದು ಕೊಟ್ಟವಳು ಕೂಗಿದಳು. ಶಾಮಿಯಾನವೇ ಹಾರಿಹೋಗುವಷ್ಟು ನಗು.

ಅತ್ತೆಯ ಸರದಿ ಬಂದಾಗ ಅವಳು ಮತ್ತೆ ಕೂಡಿಟ್ಟ ಹಾಲಿನ ದುಡ್ಡನ್ನು ಹಳದಿ ಬಟ್ಟೆಯಲ್ಲಿ ಕಟ್ಟಿ ತಂದಿದ್ದಳು. ತಮ್ಮ ಮೈಕು ಪಕ್ಕಕ್ಕಿಟ್ಟು, ಹೆಗಲ ಟವಲು ತೆಗೆದು ಎರಡು ಕೈಯಲ್ಲಿ ಒಡ್ಡಿ ಇಸಿದುಕೊಂಡ. ಅತ್ತೆ ಹಿಂದಕ್ಕೆ ಬಂದು ನನ್ನ ಪಕ್ಕ ಕೂತವಳು ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಬಳೆ ಒತ್ತಿ ಗುರುತು ಬಿತ್ತು.

ಮಧ್ಯಾಹ್ನ ಮೇಸ್ತ್ರಿಯವನು ಗುಡ್ಡದ ಮೇಲಿಂದ ಕೈ ಬೀಸಿದ. ಎಲ್ಲರೂ ಹತ್ತಿದೆವು. ಚೈನು ಒಂದೊಂದು ಗೇಣು ಮೇಲಕ್ಕೆ ಸರಿದ ಹಾಗೆ ಕಲ್ಲು ತೂಗುತ್ತಾ ಏರಿತು. ಕಲ್ಲಿನ ಮೇಲೆ ಕಲ್ಲು ಕೂತ ಸದ್ದು ಕಾಲಿನಡಿಯ ಬಂಡೆಯಲ್ಲಿ ಹರಿದದ್ದು ನನ್ನ ಹಿಮ್ಮಡಿಗೆ ಗೊತ್ತಾಯಿತು. ಕೊನೆಗೆ ಹೊಸ ಬಟ್ಟಲು ಕೂತಾಗ ನಾನು ಹಾಕಿದ ಶಿಳ್ಳೆ ಕೇಳಿ ನಮ್ಮ ಹೈಸ್ಕೂಲಿನ ಮಕ್ಕಳು ನನ್ನನ್ನು ಗುರುತಿಸುತ್ತಲೇ ಇರಲಿಲ್ಲ.

ಕಡೆ ಕಾರ್ತಿಕ ಸೋಮವಾರ ಬಂತು. ಊರಿನಲ್ಲಿ ತಮಟೆ, ಪಾನಕ, ಜನವೋ ಜನ. ಎಲ್ಲರೂ ಗುಡ್ಡಕ್ಕೆ ಕರೆದರು. ನಾನು ಹೋಗಲಿಲ್ಲ. ರಜೆ ಹಾಕಿ ಅತ್ತೆಯ ಊರಿಗೆ ಹೋದೆ. ದೀಪ ನೋಡಬೇಕಾದದ್ದು ದೂರದಿಂದ. ನಾನು ಅದನ್ನು ಒಮ್ಮೆಯೂ ಹಾಗೆ ನೋಡಿರಲಿಲ್ಲ.

ಅತ್ತೆ ಹಟ್ಟಿ ಸಾರಿಸಿ, ರಂಗೋಲಿ ಬಿಟ್ಟು, ಮೂಡಲಿಗೆ ಮುಖ ಮಾಡಿ ಕುರ್ಚಿ ಹಾಕಿಸಿದ್ದಳು. ಸೊಸೆಯರು, ಮೊಮ್ಮಕ್ಕಳು, ಅಕ್ಕಪಕ್ಕದವರೆಲ್ಲ ನೆರೆದಿದ್ದರು. ಹೊತ್ತು ಮುಳುಗಿತು. ಅಷ್ಟರಲ್ಲಿ ಎದುರಿನ ಡೇರಿಯ ಮುಂದಿನ ಎತ್ತರದ ಕಂಬದಲ್ಲಿ ಆರು ದೀಪ ಒಟ್ಟಿಗೆ ಹತ್ತಿಕೊಂಡವು. ಬೀದಿಯ ಉದ್ದಕ್ಕೂ ಬಿಳಿ ದೀಪ. ಹಟ್ಟಿಯಲ್ಲಿ ಸೂಜಿ ಬಿದ್ದರೂ ಹೆಕ್ಕಬಹುದಿತ್ತು. ಕಂಬದ ದೀಪ ನಿಂತ ಕಾಲಕ್ಕೆ ಈ ಊರಿನಲ್ಲಿ ನಾಲ್ಕು ಮಂಕು ಬಲ್ಬಿದ್ದವು. ಎದೆ ತಟ್ಟಿಕೊಂಡ ತಮ್ಮನಿಗಾಗಲಿ, ಊರೆಲ್ಲ ಕುಣಿದ ನನಗಾಗಲಿ ಇದು ಹೊಳೆದೇ ಇರಲಿಲ್ಲ.

ಫೋನು ಬಂತು. ಸ್ಪೀಕರಿಗೆ ಹಾಕಿದೆ. ತಮಟೆಯ ಸದ್ದಿನ ನಡುವೆ ತಮ್ಮ, "ಅಚ್ಚಿದ್ವಿ ಅತ್ತೆ! ಕಾಣ್ತಾ? ಕಾಣ್ತಾ?" ಎಂದು ಕೂಗುತ್ತಿದ್ದ.

ಒಬ್ಬ ಮೊಮ್ಮಗಳು "ಅಗೋ ಅಲ್ಲಿ!" ಎಂದು ಕುಣಿದಳು. ಅದು ಮೊಬೈಲ್ ಟವರಿನ ಕೆಂಪು ದೀಪ. ನಾವೆಲ್ಲ ಅಂಗೈಯನ್ನು ಹಣೆಗೆ ಒಡ್ಡಿ ನೋಡಿದೆವು. ಡೇರಿಯ ಬೆಳಕಿನ ಆಚೆ ಏನೂ ಇರಲಿಲ್ಲ. ಕಾಣುತ್ತದೆ ಎಂದುಬಿಡು ಅತ್ತೆ ಎಂದು ನನ್ನ ಮನಸ್ಸು ಬೇಡಿಕೊಂಡಿತು.

"ಇಲ್ಲ ಕಣಪ್ಪ, ಕಾಣ್ನಿಲ್ಲ" ಎಂದಳು ಅತ್ತೆ.

ಅತ್ತೆ ಕುರ್ಚಿಯಿಂದ ಎದ್ದು, ಸೆರಗು ಸಿಕ್ಕಿಸಿಕೊಂಡು ಡೇರಿಯ ಕಡೆ ನಡೆದಳು. ಫೋನು ಹಿಡಿದು ನಾನು ಹಿಂದೆ ಓಡಿದೆ. ಬೀದಿದೀಪದ ಸ್ವಿಚ್ಚು ನೋಡಿಕೊಳ್ಳುವ ನೀರುಗಂಟಿ ಅಲ್ಲೇ ಕಟ್ಟೆಯ ಮೇಲೆ ಕೂತಿದ್ದ.

"ಲೇ, ಲೈಟ್ ಆರ್ಸ್ಲಾ."

"ಪಂಚಾಯ್ತೀಲಿ ಕೇಳ್ಬೇಕು ಕಣಜ್ಜಿ. ಯಾರಾರ ಬಿದ್ದು ಕೈಕಾಲು ಮುರ್ಕಂಡ್ರೆ?"

"ಕಾಲು ಗಂಟೆ ಎಲ್ರೂ ಕುಂತಿರ್ಲಿ. ನಲ್ವತ್ತು ವರ್ಷ ಈ ಬೀದೀಲಿ ಕತ್ಲಲ್ಲೇ ನೀರ್ ಒತ್ತಿವ್ನಿ, ನಾನೇನ್ ಬಿದ್ನಾ? ನನ್ ತವರು ಕರೀತಾ ಅದೆ ಕಣ್ಲಾ, ಆರ್ಸು."

ಅವನು ಅವಳ ಮುಖ ನೋಡಿದ. ಎದ್ದು ಹೋಗಿ ಪೆಟ್ಟಿಗೆಯ ಬಾಗಿಲು ತೆಗೆದು ಸ್ವಿಚ್ಚು ಇಳಿಸಿದ.

ಊರು ಕಪ್ಪಾಯಿತು. ಮೊದಲು ಏನೂ ತೋರಲಿಲ್ಲ. ಆಮೇಲೆ ನಕ್ಷತ್ರ ಬಂದವು. ನಾನಿನ್ನೂ ಹುಡುಕುತ್ತಿದ್ದಾಗಲೇ ಅತ್ತೆ ನನ್ನ ಗಲ್ಲ ಹಿಡಿದು ತಿರುಗಿಸಿದಳು. ದೂರದಲ್ಲಿ, ನೆಲಕ್ಕಿಂತ ಒಂದು ಗೇಣು ಮೇಲೆ, ಕೆಂಡದಂಥ ಬೆಳಕೊಂದು ಗಾಳಿಗೆ ಹಿಗ್ಗಿ ಕುಗ್ಗುತ್ತಾ ಉರಿಯುತ್ತಿತ್ತು. ಅದು ನಮ್ಮೂರು. ನಾನು ಚಪ್ಪಾಳೆ ತಟ್ಟುತ್ತಲೇ ಅತ್ತುಬಿಟ್ಟೆ. ಅತ್ತೆ ಕೈಮುಗಿದವಳು ಫೋನು ಕಿತ್ತುಕೊಂಡು, "ಕಾಣ್ತು ಕಣ್ಲಾ! ಕಾಣ್ತು! ಚೆನ್ನಾಗಿದ್ದೀರಿ ಕಣ್ಲಾ ಎಲ್ರೂವೆ!" ಎಂದು ಕೂಗಿದಳು.

ತಮ್ಮ ಗಾಬರಿಯಲ್ಲಿದ್ದ. "ಅತ್ತೆ, ನಿಮ್ಮೂರೇ ಮಾಯ ಆಗೋಯ್ತಲ್ಲ! ಕರೆಂಟ್ ಓಯ್ತಾ?"

ನಡೆದದ್ದು ಹೇಳಿದೆ. ಹೇಳುತ್ತಲೇ ಇನ್ನೊಂದು ಫೋನಿನಿಂದ ಹೆಣ್ಣುಮಕ್ಕಳ ಗುಂಪಿಗೆ ಒಂದು ಸಾಲು ಹಾಕಿಸಿದೆ: ಬೀದಿದೀಪ ಆರಿಸಿ, ಆಗ ಕಾಣುತ್ತದೆ.

ಮುಂದಿನದನ್ನು ನಾನು ಕಣ್ಣಿನಿಂದ ನೋಡಲಿಲ್ಲ, ತಮ್ಮನ ಬಾಯಿಂದ ಕೇಳಿದೆ. ಗುಡ್ಡದ ಮೇಲೆ ನಿಂತು ಅವನು ಕ್ರಿಕೆಟ್ ಕಾಮೆಂಟರಿಯವರ ಹಾಗೆ ಒದರುತ್ತಿದ್ದ. "ಅಗೋ ಮೂಲೆಮನೆ ದೊಡ್ಡವ್ಳೂರು ಓಯ್ತು! ಬಡಗ್ಲಲ್ಲಿ ಮೇಷ್ಟ್ರು ಮಗ್ಳೂರು ಆರ್ತಾ ಅದೆ... ಅರ್ಧ ಆರ್ತು... ಪೂರ್ತಿ ಆರೋಯ್ತು ಅಕ್ಕ! ಅಲ್ನೋಡು, ಕೆರೆ ಏರಿ ಮ್ಯಾಲಿನ್ ಮನೆ ಅಕ್ಕತಂಗೀರು, ಎಲ್ಡೂರೂ ಒಟ್ಗೇ ಓದ್ವು!" ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂದವನು ಕತ್ತಲಾದ ಊರನ್ನೆಲ್ಲ ನಮ್ಮ ಹುಡುಗಿಯರಿಂದಲೇ ಗುರುತು ಹಿಡಿದು ಹೇಳುತ್ತಿದ್ದ. ಒಬ್ಬಳನ್ನೂ ಬಿಡಲಿಲ್ಲ. ನಮ್ಮ ಹಟ್ಟಿಯಲ್ಲಿ ಒಂದೊಂದು ಊರಿಗೂ ಹೋ ಎಂದು ಕೂಗುತ್ತಿದ್ದರು.

ಸ್ವಲ್ಪ ಹೊತ್ತಿನ ಮೇಲೆ ಅವನು ಕೇಳಿದ: "ತೆಂಕ್ಲಲ್ಲಿ ಒಂದೂರು ಮಾತ್ರ ಉರೀತಾನೇ ಅದೆ. ಉಣಸೇ ತೋಪಿನ ಪಕ್ಕದ್ದು. ಅಲ್ಲಿ ನಮ್ಮೋರು ಯಾರೂ ಇಲ್ವಾ ಅತ್ತೆ?"

"ಇದ್ಲು ಕಣಪ್ಪ" ಎಂದಳು ಅತ್ತೆ. "ಬಾವಿಮನೆ ಮಗ್ಳು, ನನ್ ಓರ್ಗೆಯವ್ಳು. ಓದ ಆಷಾಢದಲ್ಲಿ ತೀರ್ಕಂಡ್ಲು. ತವರ್ನಲ್ಲಿ ಅವ್ಳೋರು ಅಂತ ಯಾರೂ ಉಳ್ದಿರ್ನಿಲ್ವಲ್ಲ, ಅದ್ಕೆ ನಮ್ಮೂರ್ಗೆ ಯಾರೂ ಸುದ್ದಿ ಏಳಿ ಕಳುಸ್ನಿಲ್ಲ."

ಫೋನಿನಲ್ಲಿ ತಮ್ಮ ಯಾರಿಗೋ ತಮಟೆ ನಿಲ್ಲಿಸಿ ಎಂದದ್ದು ಕೇಳಿಸಿತು. ಗಾಳಿಯ ಸದ್ದು ಮಾತ್ರ ಉಳಿಯಿತು.

"ಲೇ, ತೆಂಕ್ಲ ಕಡೆ ಗಾಳಿಗೆ ಅಡ್ಡ ಕಟ್ಟಿರೋ ತಗಡು ತಗೀರ್ಲಾ" ಎಂದು ಅವನು ಕೂಗಿದ. "ಸಾರ್ವೆ ಅತ್ತಿ ಇನ್ನೊಂದು ಡಬ್ಬ ಎಣ್ಣೆ ಉಯ್ರಿ. ಆ ಊರ್ಗೂ ಕಾಣ್ಬೇಕು."

ನಾವು ಹಟ್ಟಿಯಲ್ಲಿ ಗುಡ್ಡದ ಕಡೆಗೇ ನೋಡುತ್ತಾ ನಿಂತಿದ್ದೆವು. ಸ್ವಲ್ಪ ಹೊತ್ತಿನಲ್ಲಿ ದೀಪ ಮೊದಲಿಗಿಂತ ದೊಡ್ಡದಾಗಿ ಎದ್ದು ಉರಿಯಿತು.